ಜೀವ ಉಳಿಸಲು ಬಟ್ಟೆಗೆ ಕತ್ತರಿ: ಏನಿದು ಟ್ರಾಮಾ ಶಿಯರ್ಸ್?

ಬೆಂಗಳೂರು: ಜೆ.ಪಿ. ನಗರ 7ನೇ ಹಂತಕ್ಕೆ ಹೊಂದಿಕೊಂಡಿರುವ ಪುಟ್ಟೇನಹಳ್ಳಿಯಲ್ಲಿ ಸಂಜೆಯ ಹೊತ್ತು. ಹೊರವರ್ತುಲ ರಸ್ತೆಯ ಕೆಳಸೇತುವೆಯ ಬಳಿ ಮಳೆ ನೀರಿನಲ್ಲಿ ದ್ವಿಚಕ್ರ ವಾಹನವೊಂದು ಜಾರಿ ಬಿದ್ದಿದೆ ಎಂದು ಇಟ್ಟುಕೊಳ್ಳೋಣ. ಸವಾರ ಎಚ್ಚರವಾಗಿಯೇ ಇದ್ದಾನೆ, ಮಾತನಾಡುತ್ತಿದ್ದಾನೆ, ಮೈಮೇಲೆ ಎಲ್ಲಿಯೂ ರಕ್ತ ಕಾಣುತ್ತಿಲ್ಲ. ಸುತ್ತ ನೆರೆದವರು 'ಏನೂ ಆಗಿಲ್ಲ ಬಿಡಿ' ಎನ್ನುತ್ತಿದ್ದಾರೆ. ಅಷ್ಟರಲ್ಲಿ ಬಂದ ಆಂಬುಲೆನ್ಸ್ ಸಿಬ್ಬಂದಿ ಮಾಡುವ ಮೊದಲ ಕೆಲಸಗಳಲ್ಲೊಂದು ಜನರಿಗೆ ವಿಚಿತ್ರವಾಗಿ ಕಾಣುತ್ತದೆ. ಅವರು ಜೇಬಿನಿಂದ ಡೊಂಕು ಮೂತಿಯ ಕತ್ತರಿಯೊಂದನ್ನು ತೆಗೆದು ಸವಾರನ ರೇನ್‌ಕೋಟು, ಅದರೊಳಗಿನ ಅಂಗಿ, ಜೀನ್ಸ್ ಪ್ಯಾಂಟು ಎಲ್ಲವನ್ನೂ ಕತ್ತರಿಸತೊಡಗುತ್ತಾರೆ. 'ಅಯ್ಯೋ, ಹೊಸ ಪ್ಯಾಂಟು' ಎಂಬ ಉದ್ಗಾರ ಗಾಯಾಳುವಿನಿಂದಲೇ ಬಂದರೂ ಆಶ್ಚರ್ಯವಿಲ್ಲ.

ಈ ಕತ್ತರಿಯ ಹೆಸರು ಟ್ರಾಮಾ ಶಿಯರ್ಸ್. ಕನ್ನಡದಲ್ಲಿ ಅದಕ್ಕೊಂದು ಪ್ರತ್ಯೇಕ ಹೆಸರು ಇನ್ನೂ ನೆಲೆಗೊಂಡಿಲ್ಲ. ಹೊರನೋಟಕ್ಕೆ ಮಕ್ಕಳ ಆಟದ ಸಾಮಾನಿನಂತೆ ಕಾಣುವ, ಕೆಲವು ನೂರು ರೂಪಾಯಿಗಳಿಗೆ ಸಿಗುವ ಈ ಸಾಧನಕ್ಕೆ ಅಪಘಾತ ಚಿಕಿತ್ಸೆಯಲ್ಲಿರುವ ಸ್ಥಾನ ಮಾತ್ರ ದೊಡ್ಡದು.

ಬಟ್ಟೆಯ ಅಡಿಯಲ್ಲಿ ಅಡಗಿದ ಗಾಯ

ಬಟ್ಟೆಯನ್ನು ಕತ್ತರಿಸಲೇಬೇಕೆ, ನಿಧಾನವಾಗಿ ಬಿಚ್ಚಿದರೆ ಆಗದೆ ಎಂಬುದು ಬಹುತೇಕರ ಪ್ರಶ್ನೆ. ಕಾರಣಗಳು ಎರಡು. ಮೊದಲನೆಯದು, ಗಾಯವನ್ನು ಕಾಣುವ ಅಗತ್ಯ. ದೇಹದಲ್ಲಿ ವಯಸ್ಕರಿಗೆ ಸುಮಾರು 5 ಲೀಟರ್ ರಕ್ತವಿರುತ್ತದೆ. ತೊಡೆಯ ಮೂಳೆ ಮುರಿದರೆ ಅದರ ಸುತ್ತಲಿನ ಮಾಂಸದೊಳಗೇ ಒಂದು ಲೀಟರಿಗೂ ಹೆಚ್ಚು ರಕ್ತ ಸೋರಿ ನಿಲ್ಲಬಲ್ಲದು; ಹೊರಗೆ ಒಂದು ಹನಿಯೂ ಕಾಣಬೇಕಾಗಿಲ್ಲ. ಕಪ್ಪು ಜೀನ್ಸ್, ದಪ್ಪ ಜಾಕೆಟ್ಟು, ಮಳೆಯಲ್ಲಿ ಒದ್ದೆಯಾದ ಬಟ್ಟೆ ಇವು ರಕ್ತದ ಕಲೆಯನ್ನು ಮರೆಮಾಚುವುದರಲ್ಲಿ ನಿಸ್ಸೀಮವಾದವು. ಬೆನ್ನು, ಕಂಕುಳು, ತೊಡೆಸಂದು, ಪೃಷ್ಠ ಇವು ತಪಾಸಣೆಯಲ್ಲಿ ಸುಲಭವಾಗಿ ತಪ್ಪಿಹೋಗುವ ಜಾಗಗಳು.

ಎರಡನೆಯದು, ಗಾಯಾಳುವನ್ನು ಅಲುಗಾಡಿಸದಿರುವ ಅಗತ್ಯ. ಟಿ-ಶರ್ಟನ್ನು ತಲೆಯ ಮೇಲಿಂದ ಎಳೆಯಬೇಕಾದರೆ ಕೈ ಎತ್ತಬೇಕು, ಕುತ್ತಿಗೆ ಬಾಗಿಸಬೇಕು. ಕುತ್ತಿಗೆಯ ಮೂಳೆ ಮುರಿದಿದ್ದರೆ ಆ ಒಂದು ಚಲನೆ ಬೆನ್ನುಹುರಿಗೆ ಶಾಶ್ವತ ಹಾನಿ ಮಾಡಬಲ್ಲದು. ಪ್ಯಾಂಟು ಎಳೆಯಲು ಸೊಂಟ ಎತ್ತಿದರೆ ಮುರಿದ ಸೊಂಟದ ಮೂಳೆಯ ಸುತ್ತ ಹೆಪ್ಪುಗಟ್ಟಲು ತೊಡಗಿದ್ದ ರಕ್ತ ಮತ್ತೆ ಹರಿಯಬಹುದು. ಕತ್ತರಿಸಿದ ಬಟ್ಟೆಯಾದರೋ ಪುಸ್ತಕದಂತೆ ಎರಡೂ ಬದಿಗೆ ತೆರೆದುಕೊಳ್ಳುತ್ತದೆ. ಬೆನ್ನು ಪರೀಕ್ಷಿಸಲು ಮೂರು ನಾಲ್ಕು ಮಂದಿ ಸೇರಿ ಗಾಯಾಳುವನ್ನು ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸುವಾಗ ಕೆಳಗೆ ಉಳಿದ ಭಾಗವನ್ನು ಎಳೆದುಕೊಂಡರಾಯಿತು.

ವಿಶ್ವದಾದ್ಯಂತ ಅಪಘಾತ ಚಿಕಿತ್ಸೆಯಲ್ಲಿ ಅನುಸರಿಸಲಾಗುವ ಎ, ಬಿ, ಸಿ, ಡಿ, ಇ ಎಂಬ ಐದು ಹೆಜ್ಜೆಗಳಲ್ಲಿ ಇದಕ್ಕೆ ನಿಶ್ಚಿತವಾದ ಸ್ಥಾನವಿದೆ. ಶ್ವಾಸಮಾರ್ಗ, ಉಸಿರಾಟ, ರಕ್ತಸಂಚಾರ, ನರಮಂಡಲದ ಸ್ಥಿತಿ ಇವುಗಳ ನಂತರ ಬರುವ ಐದನೆಯ ಅಕ್ಷರ 'ಇ' ಎಂದರೆ ಎಕ್ಸ್‌ಪೋಷರ್, ಅರ್ಥಾತ್ ಗಾಯಾಳುವಿನ ಮೈಯನ್ನು ಪೂರ್ತಿಯಾಗಿ ತೆರೆದು ನೋಡುವುದು. ಈ ಕ್ರಮಬದ್ಧ ತರಬೇತಿಯ ಹಿಂದೆ ದುಃಖದ ಕಥೆಯೊಂದಿದೆ. 1976ರ ಫೆಬ್ರವರಿಯಲ್ಲಿ ಅಮೆರಿಕದ ಮೂಳೆತಜ್ಞ ಡಾ. ಜೇಮ್ಸ್ ಸ್ಟೈನರ್ ಕುಟುಂಬ ಸಮೇತ ಹೋಗುತ್ತಿದ್ದ ಪುಟ್ಟ ವಿಮಾನ ನೆಬ್ರಾಸ್ಕಾ ರಾಜ್ಯದ ಹೊಲವೊಂದರಲ್ಲಿ ಅಪ್ಪಳಿಸಿತು. ಅವರ ಪತ್ನಿ ಸ್ಥಳದಲ್ಲೇ ತೀರಿಕೊಂಡರು, ಮಕ್ಕಳು ತೀವ್ರವಾಗಿ ಗಾಯಗೊಂಡರು. ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ತಮಗೂ ಮಕ್ಕಳಿಗೂ ದೊರೆತ ಅಸ್ತವ್ಯಸ್ತ ಚಿಕಿತ್ಸೆ ಕಂಡು ನೊಂದ ಅವರು ಹೊಸ ತರಬೇತಿ ಕ್ರಮಕ್ಕೆ ಮುಂದಾದರು. 1978ರಲ್ಲಿ ಮೊದಲ ತರಬೇತಿ ನಡೆಯಿತು. 1980ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಅದನ್ನು ತನ್ನದಾಗಿಸಿಕೊಂಡಿತು. ಇಂದು ಎ.ಟಿ.ಎಲ್.ಎಸ್. ಎಂಬ ಹೆಸರಿನಲ್ಲಿ ಭಾರತದ ವೈದ್ಯರೂ ಅದೇ ಪಾಠವನ್ನು ಕಲಿಯುತ್ತಾರೆ.

ಡೊಂಕು ಏಕೆ, ಮೊಂಡು ಏಕೆ?

ಟ್ರಾಮಾ ಶಿಯರ್ಸ್‌ನ ಪೂರ್ವಜ ಎಂದರೆ ಬ್ಯಾಂಡೇಜ್ ಕತ್ತರಿ. ಶಸ್ತ್ರಚಿಕಿತ್ಸೆಯಲ್ಲಿ ಸೋಂಕು ನಿವಾರಣೆಯ ಕ್ರಾಂತಿ ತಂದ ಬ್ರಿಟಿಷ್ ವೈದ್ಯ ಜೋಸೆಫ್ ಲಿಸ್ಟರ್ (1827-1912) ಅವರ ಹೆಸರಿನಲ್ಲಿ ಆ ಕತ್ತರಿ ಇಂದಿಗೂ 'ಲಿಸ್ಟರ್ ಕತ್ತರಿ' ಎಂದೇ ಪ್ರಸಿದ್ಧ. ಚರ್ಮ ಹಾಗೂ ಬ್ಯಾಂಡೇಜಿನ ನಡುವೆ ತೂರಿಸಿದರೂ ಚುಚ್ಚದಂತೆ ಅದರ ಕೆಳಗಿನ ಅಲಗಿನ ತುದಿಯನ್ನು ಮೊಂಡಾಗಿ, ಚಪ್ಪಟೆಯಾಗಿ ಮಾಡಲಾಗಿತ್ತು. ಅದೇ ಉಪಾಯವನ್ನು ರಸ್ತೆಯ ಒರಟು ಕೆಲಸಕ್ಕೆ ಬಗ್ಗಿಸಿದ್ದೇ ಟ್ರಾಮಾ ಶಿಯರ್ಸ್.

ಸಾಮಾನ್ಯವಾಗಿ ಏಳೂಕಾಲು ಅಂಗುಲ ಉದ್ದದ ಈ ಕತ್ತರಿಯಲ್ಲಿ ಗಮನಿಸಬೇಕಾದ ಅಂಶಗಳು ಹಲವು. ಅಲಗುಗಳು ಹಿಡಿಯ ನೇರಕ್ಕಿಲ್ಲದೆ ಒಂದು ಕೋನದಲ್ಲಿ ಬಾಗಿರುತ್ತವೆ. ಇದರಿಂದ ಕೆಳಗಿನ ಅಲಗು ಚರ್ಮಕ್ಕೆ ಸಮಾನಾಂತರವಾಗಿ ಮಲಗಿ ಜಾರುತ್ತದೆ, ಹಿಡಿದ ಕೈ ಮಾತ್ರ ಮೈಯಿಂದ ಮೇಲಕ್ಕೆ ಉಳಿಯುತ್ತದೆ. ನೇರ ಕತ್ತರಿಯಾದರೆ ಹಿಡಿ ಮೈಗೆ ತಾಗುತ್ತದೆ, ಹಿಡಿಯನ್ನು ಎತ್ತಿದರೆ ಅಲಗಿನ ಮೂತಿ ಚರ್ಮಕ್ಕೆ ನಾಟುತ್ತದೆ. ದರ್ಜಿಯ ಕತ್ತರಿಯನ್ನು ಇಲ್ಲಿ ಬಳಸಬಾರದೆಂಬುದಕ್ಕೆ ಇಷ್ಟು ಸಾಕು. ಒಂದು ಅಲಗಿನ ಅಂಚಿನಲ್ಲಿ ಗರಗಸದಂತಹ ಸಣ್ಣ ಹಲ್ಲುಗಳಿರುತ್ತವೆ. ಒದ್ದೆ ಬಟ್ಟೆ, ನೈಲಾನ್ ಪಟ್ಟಿ ಜಾರದಂತೆ ಅವು ಕಚ್ಚಿ ಹಿಡಿಯುತ್ತವೆ. ಹಿಡಿಯ ಒಂದು ಉಂಗುರ ದೊಡ್ಡದು; ಕೈಗವಸು ತೊಟ್ಟ ಮೂರು ಬೆರಳುಗಳು ಅದರಲ್ಲಿ ಹಿಡಿಸುತ್ತವೆ.

ಇನ್ನು ಅದರ ಬಲದ ಗುಟ್ಟು ಅಡಕತ್ತರಿಯ ಗುಟ್ಟೇ. ಹಿಡಿ ಉದ್ದ, ಅಲಗು ಗಿಡ್ಡ. ತಿರುಗುಮೊಳೆಯ ಸಮೀಪಕ್ಕೆ ವಸ್ತು ಬಂದಷ್ಟೂ ಅದರ ಮೇಲೆ ಬೀಳುವ ಒತ್ತಡ ಹೆಚ್ಚು. ಸೀಟ್ ಬೆಲ್ಟ್, ಚರ್ಮದ ಬೂಟು, ಜೀನ್ಸಿನ ದಪ್ಪ ಹೊಲಿಗೆ ಎದುರಾದಾಗ ಅಲಗಿನ ತುದಿಯಿಂದ ಹೆಣಗಾಡದೆ ಬುಡಕ್ಕೆ ಸಿಲುಕಿಸಿ ಒತ್ತಬೇಕು. ಮಾರಾಟಗಾರರು ನಾಣ್ಯ ಕತ್ತರಿಸಿ ತೋರಿಸುವುದುಂಟು. ನೋಡಲು ಸೊಗಸು, ಆದರೆ ನಾಣ್ಯ ಕತ್ತರಿಸಿದ ಅಲಗಿಗೆ ಬೀಳುವ ಕಚ್ಚು ಮುಂದೆ ತೆಳು ಬಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ.

ಮಡಚಬಲ್ಲ, ಗಾಜು ಒಡೆಯುವ ಮೊನೆ, ಉಂಗುರ ಕತ್ತರಿಸುವ ಕೊಕ್ಕೆ, ಆಮ್ಲಜನಕದ ಸಿಲಿಂಡರ್ ತೆರೆಯುವ ಕೀಲಿ ಎಲ್ಲವನ್ನೂ ಒಳಗೊಂಡ ದುಬಾರಿ ಮಾದರಿಗಳೂ ಈಗ ಇವೆ. ಲೆದರ್‌ಮನ್ ಕಂಪನಿಯ ರಾಪ್ಟರ್ ಇದಕ್ಕೆ ಉದಾಹರಣೆ. ಬೆಲೆ ಹಲವು ಸಾವಿರ ರೂಪಾಯಿ. ನಮ್ಮ ಆಂಬುಲೆನ್ಸ್‌ಗಳ ಕೆಲಸಕ್ಕೆ ಸಾದಾ ಕತ್ತರಿಯೇ ಧಾರಾಳ. ಅದು ಹರಿತವಾಗಿದ್ದರೆ ಆಯಿತು.

ಕತ್ತರಿಸುವುದಕ್ಕೂ ಒಂದು ಕ್ರಮ

ಬಟ್ಟೆಯನ್ನು ಸಿಕ್ಕಸಿಕ್ಕಲ್ಲಿ ಕತ್ತರಿಸುವಂತಿಲ್ಲ. ಪ್ಯಾಂಟಾದರೆ ಪಾದದ ಬಳಿಯ ಅಂಚಿನಿಂದ ಮೊದಲುಗೊಂಡು ಹೊರಬದಿಯಲ್ಲಿ ಸೊಂಟದವರೆಗೆ. ಅಂಗಿಯಾದರೆ ಮುಂಗೈಯಿಂದ ತೋಳಿನುದ್ದಕ್ಕೂ ಕೊರಳಪಟ್ಟಿಯವರೆಗೆ. ಟಿ-ಶರ್ಟಾದರೆ ಕೆಳ ಅಂಚಿನಿಂದ ಎದೆಯ ನಡುವೆ ಮೇಲಕ್ಕೆ, ಅನಂತರ ತೋಳುಗಳು. ಲೋಹದ ಜಿಪ್ಪಿನ ಮೇಲೆ ಹಾಯದೆ ಪಕ್ಕದಲ್ಲಿ ಸಾಗಬೇಕು. ಜೇಬಿನೊಳಗೆ ಮೊಬೈಲು, ಬೀಗದ ಕೈ ಇರುವುದರಿಂದ ಜೇಬನ್ನು ತಪ್ಪಿಸಬೇಕು. ಮೈಗೆ ಚುಚ್ಚಿಕೊಂಡಿರುವ ಸರಳೋ ಗಾಜೋ ಇದ್ದಲ್ಲಿ ಅದನ್ನು ಕೀಳದೆ, ಅದರ ಸುತ್ತ ಬಟ್ಟೆಯನ್ನು ಬಿಡಿಸಬೇಕು. ಎಲ್ಲಕ್ಕಿಂತ ಮೊದಲು, ಗಾಯಾಳು ಎಚ್ಚರವಾಗಿದ್ದರೆ 'ಬಟ್ಟೆ ಕತ್ತರಿಸುತ್ತಿದ್ದೇವೆ, ಗಾಯ ನೋಡಬೇಕು' ಎಂದು ಹೇಳಬೇಕು. ಅರ್ಧ ಪ್ರಜ್ಞೆಯಲ್ಲಿರುವವನ ಮೈಮೇಲೆ ತಣ್ಣನೆಯ ಉಕ್ಕು ಹರಿದಾಡಿದರೆ ಆತ ಬೆಚ್ಚಿ ಕೊಸರಾಡುವುದು ಸಹಜ.

ಸುಟ್ಟ ಗಾಯದ ವಿಚಾರ ಬೇರೆ. ನೈಲಾನ್, ಪಾಲಿಯೆಸ್ಟರ್ ಸೀರೆಗಳು ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತವೆ. ಅಂಟಿಕೊಂಡ ತುಂಡನ್ನು ಹಾಗೆಯೇ ಬಿಟ್ಟು ಸುತ್ತಲಿನ ಬಟ್ಟೆಯನ್ನಷ್ಟೇ ಕತ್ತರಿಸಬೇಕು, ಸುಟ್ಟ ಭಾಗದ ಮೇಲೆ ಸುಮಾರು 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಹೃದಯ ಸ್ತಂಭನವಾದವರಲ್ಲಿಯೂ ಈ ಕತ್ತರಿಗೆ ಕೆಲಸವುಂಟು. ವಿದ್ಯುತ್ ಆಘಾತ ನೀಡುವ ಯಂತ್ರದ ಪಟ್ಟಿಗಳು ಬರಿಯ ಎದೆಗೇ ಅಂಟಬೇಕಾದ್ದರಿಂದ ಗುಂಡಿ ಬಿಚ್ಚುತ್ತ ಕೂರಲು ಅಲ್ಲಿ ಸಮಯವಿರುವುದಿಲ್ಲ.

ಸೀರೆ, ಉಡಿದಾರ, ಜನಿವಾರ

ವಿದೇಶೀ ಪಠ್ಯಪುಸ್ತಕಗಳಲ್ಲಿ ಪ್ಯಾಂಟು, ಜಾಕೆಟ್ಟುಗಳ ಚಿತ್ರಗಳೇ ತುಂಬಿರುತ್ತವೆ. ನಮ್ಮಲ್ಲಿ ಗಾಯಾಳುವಿನ ಮೈಮೇಲೆ ಇರುವುದು ಅಷ್ಟೇ ಅಲ್ಲ. ಸೀರೆಯನ್ನು ಪೂರ್ತಿ ಬಿಚ್ಚಲು ದೇಹವನ್ನು ಹಲವು ಬಾರಿ ಹೊರಳಿಸಬೇಕು, ಅದು ಸಲ್ಲದು. ಹಾಗಾಗಿ ನೆರಿಗೆಗಳನ್ನು ಸೊಂಟದಿಂದ ಹೊರಕ್ಕೆ ಎಳೆದು, ಉಳಿದ ಪದರಗಳನ್ನು ಒಂದು ಪಕ್ಕದಲ್ಲಿ ಕತ್ತರಿಸುವುದು, ಲಂಗದ ಲಾಡಿಯನ್ನು ತುಂಡರಿಸುವುದು ಸುಲಭದ ದಾರಿ. ನೆರಿಗೆ ಸಮೇತ ಕತ್ತರಿಸಹೊರಟರೆ ಎಂತಹ ಕತ್ತರಿಯೂ ತಡವರಿಸುತ್ತದೆ. ಲುಂಗಿ, ಪಂಚೆಗಳಿಗೆ ಕತ್ತರಿಯೇ ಬೇಡ. ಸಲ್ವಾರಿನ ಲಾಡಿ ಬಿಗಿದಿದ್ದರೆ ಬಿಚ್ಚುವ ಗೊಡವೆಗೆ ಹೋಗದೆ ಕತ್ತರಿಸುವುದು ಲೇಸು.

ಸೊಂಟದ ಉಡಿದಾರ ಸಣ್ಣ ಸಂಗತಿಯೆನಿಸಬಹುದು. ಆದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗಿ ಊದಿಕೊಂಡಾಗ, ಸೊಂಟದ ಮೂಳೆ ಮುರಿದು ಪಟ್ಟಿ ಬಿಗಿಯಬೇಕಾದಾಗ ಅದು ಅಡ್ಡ ಬರುತ್ತದೆ. ಬೆಳ್ಳಿಯದಾದರೆ ಕೊಂಡಿ ಬಿಚ್ಚಬೇಕು, ದಾರದ್ದಾದರೆ ಕತ್ತರಿಸಬೇಕು. ಜನಿವಾರ, ತಾಯಿತ, ಮಾಂಗಲ್ಯದ ದಾರ ಇವುಗಳ ಬಗ್ಗೆ ಕುಟುಂಬದವರ ಭಾವನೆ ಬಲು ಸೂಕ್ಷ್ಮ. ಪಕ್ಕಕ್ಕೆ ಸರಿಸಿ ಕೆಲಸ ನಡೆಯುವುದಾದರೆ ಕತ್ತರಿಸಬೇಕಾಗಿಲ್ಲ. ಕತ್ತರಿಸಲೇಬೇಕಾದಾಗ ಒಂದು ಮಾತು ಹೇಳಿ, ತುಂಡಾದುದನ್ನು ನೆಲಕ್ಕೆ ಹಾಕದೆ ಕವರಿನಲ್ಲಿಟ್ಟು ಮನೆಯವರ ಕೈಗೆ ಕೊಟ್ಟರೆ ಎಷ್ಟೋ ಜಗಳಗಳು ಹುಟ್ಟುವುದೇ ಇಲ್ಲ. ಉಂಗುರ ಮತ್ತು ಬಳೆಗೆ ಮಾತ್ರ ಈ ಕತ್ತರಿ ಹಾಕುವಂತಿಲ್ಲ. ಉಂಗುರ ಕತ್ತರಿಸುವ ಸಾಧನವೇ ಪ್ರತ್ಯೇಕ. ಹಾವು ಕಚ್ಚಿದವರಲ್ಲಿ, ಕೈ ಮುರಿದವರಲ್ಲಿ ಊತ ಏರುವ ಮುನ್ನವೇ ಉಂಗುರ ತೆಗೆಯುವುದು ಜಾಣತನ. ಹಾವು ಕಚ್ಚಿದ ಜಾಗವನ್ನು ಕೊಯ್ಯುವುದಕ್ಕಂತೂ ಯಾವ ಕತ್ತರಿಯನ್ನೂ ಬಳಸಕೂಡದು.

ನಗರದ ರಸ್ತೆಗಳಲ್ಲಿ ಮತ್ತೊಂದು ಬಗೆಯ ಅಪಘಾತವಿದೆ. ಹಿಂಬದಿ ಕುಳಿತವರ ಸೆರಗು ಅಥವಾ ದುಪಟ್ಟಾ ಚಕ್ರಕ್ಕೆ ಸಿಲುಕಿ ಕುತ್ತಿಗೆಗೆ ಬಿಗಿಯುವುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂಚಕ್ರದ ಕನಿಷ್ಠ ಅರ್ಧ ಭಾಗವನ್ನು ಮುಚ್ಚುವ ರಕ್ಷಣಾ ಸಾಧನ ಇರಬೇಕೆಂದು ವಿಧಿಸಿರುವುದು ಈ ಕಾರಣಕ್ಕೇ. ಸಿಲುಕಿದ ಬಟ್ಟೆಯನ್ನು ಎಳೆದಷ್ಟೂ ಬಿಗಿಯುತ್ತದೆ. ಚಕ್ರದ ಕಡೆಯಿಂದಲ್ಲ, ಕುತ್ತಿಗೆಯ ಕಡೆಯಿಂದ ಕೂಡಲೇ ಕತ್ತರಿಸುವುದೇ ಪರಿಹಾರ. ಮೊಂಡು ಮೂತಿಯ ಕತ್ತರಿಯ ಬೆಲೆ ತಿಳಿಯುವುದು ಅಂಥ ಗಳಿಗೆಯಲ್ಲಿ.

ಹೆಲ್ಮೆಟ್ ವಿಷಯದಲ್ಲಿಯೂ ಆತುರ ಬೇಡ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ 2016ರ ಜನವರಿಯಿಂದ ಹೆಲ್ಮೆಟ್ ಕಡ್ಡಾಯವಾಗಿದೆ. ಗಾಯಾಳು ಸರಾಗವಾಗಿ ಉಸಿರಾಡುತ್ತಿದ್ದರೆ ಸಾರ್ವಜನಿಕರು ಅದನ್ನು ಕೀಳದೆ ಮುಂದಿನ ಗಾಜನ್ನಷ್ಟೇ ಮೇಲಕ್ಕೆತ್ತಬೇಕು. ವಾಂತಿಯಾಗುತ್ತಿದ್ದರೆ, ಉಸಿರು ಕಟ್ಟುತ್ತಿದ್ದರೆ ತೆಗೆಯಲೇಬೇಕಾಗುತ್ತದೆ. ಆಗ ಒಬ್ಬರು ಕುತ್ತಿಗೆಯನ್ನು ಅಲುಗದಂತೆ ಹಿಡಿದು, ಇನ್ನೊಬ್ಬರು ಗಲ್ಲದ ಪಟ್ಟಿ ಕತ್ತರಿಸಿ ಹೆಲ್ಮೆಟನ್ನು ಮೆಲ್ಲಗೆ ಹೊರತೆಗೆಯಬೇಕು.

ಬೆಂಗಳೂರಿನಲ್ಲೂ ಚಳಿ ಕೊಲ್ಲುತ್ತದೆ

ಬಟ್ಟೆ ಕತ್ತರಿಸಿದ ಮೇಲೆ ಏನು? ಬಹಳ ಕಡೆ ಮರೆತುಹೋಗುವ ಅರ್ಧ ಇದು. ರಕ್ತ ಕಳೆದುಕೊಂಡ ದೇಹಕ್ಕೆ ತನ್ನ ಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ಮೈಯ ತಾಪ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಿತೆಂದರೆ ರಕ್ತ ಹೆಪ್ಪುಗಟ್ಟುವ ಕ್ರಿಯೆ ಕುಂಠಿತವಾಗುತ್ತದೆ. ಹೆಪ್ಪುಗಟ್ಟದ ರಕ್ತ ಇನ್ನಷ್ಟು ಸೋರುತ್ತದೆ, ರಕ್ತದಲ್ಲಿ ಆಮ್ಲೀಯತೆ ಏರುತ್ತದೆ, ಮೈ ಇನ್ನಷ್ಟು ತಣ್ಣಗಾಗುತ್ತದೆ. ಒಂದನ್ನೊಂದು ಬೆಳೆಸುವ ಈ ಮೂರನ್ನು ವೈದ್ಯರು ಮಾರಕ ತ್ರಿಕೂಟ ಎನ್ನುತ್ತಾರೆ. ಬೆಂಗಳೂರಿನ ಹವೆ ಹಿತಕರ ಎಂಬ ಭಾವನೆಯೇ ಇಲ್ಲಿ ಮೋಸ ಮಾಡುತ್ತದೆ. ಸೆಪ್ಟೆಂಬರ್ ಮಳೆಯಲ್ಲಿ ತೊಯ್ದು ಡಾಂಬರಿನ ಮೇಲೆ ಬಿದ್ದವನಿಗೆ ಅದು ಹಿತಕರವಲ್ಲ. ಒದ್ದೆ ಬಟ್ಟೆಯನ್ನು ತೆಗೆದು ನೋಡಬೇಕಾದುದನ್ನು ನೋಡಿ, ಮರುಗಳಿಗೆಯೇ ಒಣ ಕಂಬಳಿ ಹೊದಿಸಬೇಕು. ಗಾಯಾಳುವಿನ ಮರ್ಯಾದೆಗೂ ಆ ಕಂಬಳಿ ಬೇಕು, ವಿಶೇಷವಾಗಿ ಹತ್ತಾರು ಮಂದಿ ಮೊಬೈಲು ಎತ್ತಿ ಹಿಡಿದಿರುವ ರಸ್ತೆಯಲ್ಲಿ. ಚಿತ್ರ ತೆಗೆಯುವ ಬದಲು ನಾಲ್ವರು ಬೆನ್ನು ತಿರುಗಿಸಿ ನಿಂತು ಮರೆ ಮಾಡಿದರೆ ಅದೇ ದೊಡ್ಡ ಸಹಾಯ.

ಕತ್ತರಿಸಿದ ಬಟ್ಟೆಯೇ ಸಾಕ್ಷ್ಯ

ಇರಿತ, ಗುಂಡೇಟು, ಅನುಮಾನಾಸ್ಪದ ಅಪಘಾತಗಳಲ್ಲಿ ಬಟ್ಟೆ ಪೊಲೀಸರಿಗೆ ಬೇಕಾದ ವಸ್ತು. ಚಾಕು ಹಾಯ್ದ ತೂತಿನ ಮೂಲಕವೇ ಕತ್ತರಿ ಓಡಿಸಿದರೆ ಸಾಕ್ಷ್ಯ ನಾಶವಾದಂತೆ. ಆ ತೂತನ್ನು ಬಿಟ್ಟು ದೂರದಿಂದ ಕತ್ತರಿಸಬೇಕು. ರಕ್ತಸಿಕ್ತ ಬಟ್ಟೆಯನ್ನು ಒದರದೆ, ಪ್ಲಾಸ್ಟಿಕ್ ಚೀಲಕ್ಕೆ ತುರುಕದೆ, ಆರಿಸಿ ಕಾಗದದ ಚೀಲದಲ್ಲಿ ಇಡಬೇಕು. ಪ್ಲಾಸ್ಟಿಕ್ಕಿನಲ್ಲಿ ತೇವ ಉಳಿದು ಬೂಷ್ಟು ಹಿಡಿದರೆ ಪ್ರಯೋಗಾಲಯಕ್ಕೆ ಅದು ಪ್ರಯೋಜನಕ್ಕೆ ಬಾರದು. ಇಂಥ ಪ್ರಕರಣವಲ್ಲದ, ಯಾರಿಗೂ ಬೇಡವಾದ ರಕ್ತಸಿಕ್ತ ಬಟ್ಟೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಹಳದಿ ಚೀಲಕ್ಕೆ ಹೋಗಬೇಕು. ಜೇಬಿನಲ್ಲಿ ಸಿಕ್ಕ ಹಣ, ಒಡವೆಗಳನ್ನು ಇಬ್ಬರ ಸಮಕ್ಷಮದಲ್ಲಿ ಪಟ್ಟಿ ಮಾಡುವುದು ಸಿಬ್ಬಂದಿಗೇ ಕ್ಷೇಮ.

ಮುಟ್ಟಲು ಹೆದರಿಕೆ ಏಕೆ?

2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಬಿದ್ದವರನ್ನು ಮುಟ್ಟಿದರೆ ಪೊಲೀಸ್ ಠಾಣೆ, ನ್ಯಾಯಾಲಯ ಅಲೆಯಬೇಕಾದೀತು ಎಂಬ ಭಯ ಇಂದಿಗೂ ಪೂರ್ತಿ ಹೋಗಿಲ್ಲ. ಈ ಭಯಕ್ಕೆ ಈಗ ಆಧಾರವಿಲ್ಲ. ಗಾಯಾಳುವಿಗೆ ತುರ್ತು ಚಿಕಿತ್ಸೆ ನೀಡುವುದು ಪ್ರತಿಯೊಬ್ಬ ವೈದ್ಯರ ಹೊಣೆ ಎಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ ಪರಮಾನಂದ ಕಟಾರಾ ಪ್ರಕರಣದಲ್ಲಿ ತೀರ್ಪಿತ್ತಿತ್ತು. ನೆರವಿಗೆ ಬಂದವರನ್ನು ರಕ್ಷಿಸುವ ಕೇಂದ್ರದ ಮಾರ್ಗಸೂಚಿಗಳಿಗೆ ಅದೇ ನ್ಯಾಯಾಲಯ 2016ರ ಮಾರ್ಚ್ 30ರಂದು ಕಾನೂನಿನ ಬಲ ನೀಡಿತು. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ನೆರವಾದವರು ಹೆಸರು ಹೇಳಲೇಬೇಕೆಂದಿಲ್ಲ. ಕರ್ನಾಟಕವೂ ಇದೇ ಉದ್ದೇಶದ ತನ್ನದೇ ಕಾನೂನನ್ನು 2016ರಲ್ಲಿ ರೂಪಿಸಿತು. ಆ ವರ್ಷ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಲುಕಿ ದೇಹವೇ ತುಂಡಾದರೂ ಕಣ್ಣು ದಾನ ಮಾಡಿ ಎಂದು ಕೋರಿ ಅಸುನೀಗಿದ ಹರೀಶ್ ಅವರ ಹೆಸರಿನಲ್ಲಿ, ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ ₹25,000ವರೆಗೆ ಭರಿಸುವ ಯೋಜನೆಯನ್ನು ರಾಜ್ಯ ಸರ್ಕಾರ ಪ್ರಕಟಿಸಿದ್ದನ್ನು ಓದುಗರು ಮರೆತಿರಲಾರರು.

ರಾಜ್ಯದಲ್ಲಿ 108 ಆರೋಗ್ಯ ಕವಚ ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದು. ಇಕ್ಕಟ್ಟಿನ ರಸ್ತೆಗಳಿಗಾಗಿ 2015ರ ಏಪ್ರಿಲ್‌ನಲ್ಲಿ ಬೈಕ್ ಆಂಬುಲೆನ್ಸ್‌ಗಳೂ ಬಂದವು. ಪುಟ್ಟೇನಹಳ್ಳಿಯವರಿಗೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿ ಎರಡಿವೆ: ದಕ್ಷಿಣದಲ್ಲಿ ಜೆ.ಪಿ. ನಗರದ್ದು, ಉತ್ತರದಲ್ಲಿ ಯಲಹಂಕದ್ದು. ಎರಡಕ್ಕೂ ಕೆರೆಯಿದೆ, ಎರಡೂ ಪಕ್ಷಿಗಳಿಗೆ ಹೆಸರಾದವೇ. 'ಪುಟ್ಟೇನಹಳ್ಳಿ ಕೆರೆ ಹತ್ತಿರ ಬನ್ನಿ' ಎಂದಷ್ಟೇ ಫೋನಿನಲ್ಲಿ ಕಿರುಚಿದರೆ ಗಾಡಿ ಊರಿನ ಇನ್ನೊಂದು ತುದಿಯತ್ತ ಹೊರಟರೂ ಹೊರಟೀತು. 'ಜೆ.ಪಿ. ನಗರ 7ನೇ ಹಂತ' ಎಂಬ ನಾಲ್ಕು ಮಾತು ಸೇರಿಸಲು ಮರೆಯಬಾರದು.

ಮನೆಯಲ್ಲಿ, ಕಾರಿನಲ್ಲಿ ಇರಬೇಕೆ?

ಕಾರಿನಲ್ಲೊಂದು ಇದ್ದರೆ ಒಳ್ಳೆಯದೇ. ಡಿಕ್ಕಿಯಲ್ಲಿಟ್ಟರೆ ಪ್ರಯೋಜನವಿಲ್ಲ, ಪಲ್ಟಿಯಾದ ಕಾರಿನಲ್ಲಿ ಬೆಲ್ಟಿಗೆ ಸಿಲುಕಿ ನೇತಾಡುವವರ ಕೈಗೆ ಎಟುಕುವಂತಿರಬೇಕು. ಆದರೆ ಕತ್ತರಿ ಇದೆಯೆಂದು ರಸ್ತೆಯಲ್ಲಿ ಬಿದ್ದವರ ಬಟ್ಟೆಯನ್ನೆಲ್ಲ ಕತ್ತರಿಸಹೊರಡುವುದು ತರಬೇತಿ ಇಲ್ಲದವರ ಕೆಲಸವಲ್ಲ. ರಕ್ತ ಚಿಮ್ಮುತ್ತಿರುವ ಜಾಗದ ಬಟ್ಟೆಯನ್ನಷ್ಟೇ ಬಿಡಿಸಿ, ಶುಭ್ರ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿದು 108ಕ್ಕೆ ಕಾಯುವುದು ಸಾಕು.

ಖರೀದಿಸುವವರು ಅಂಗಡಿಯಲ್ಲೇ ಜೀನ್ಸಿನ ಚಿಂದಿಯೊಂದನ್ನು ನಾಲ್ಕು ಪದರ ಮಡಚಿ ಕತ್ತರಿಸಿ ನೋಡಬಹುದು. ಬಟ್ಟೆ ಅಲಗುಗಳ ನಡುವೆ ಮಡಚಿಕೊಂಡರೆ ತಿರುಗುಮೊಳೆ ಸಡಿಲವೆಂದು ಅರ್ಥ. ಬಳಸಿದ ಮೇಲೆ ರಕ್ತದ ಕಲೆಯನ್ನು ಸೋಪಿನ ನೀರಿನಿಂದ, ಅಲಗಿನ ಹಲ್ಲುಗಳ ಸಂದಿಯನ್ನು ಹಳೆಯ ಬ್ರಷ್ಷಿನಿಂದ ಉಜ್ಜಿ ತೊಳೆದ ನಂತರವಷ್ಟೇ ಸೋಂಕುನಾಶಕ ಹಾಕಬೇಕು. ಕೊಳೆಯ ಮೇಲೆ ಸುರಿದ ಸೋಂಕುನಾಶಕ ಕೊಳೆಯೊಳಗೆ ಇಳಿಯುವುದಿಲ್ಲ. ಬ್ಲೀಚಿಂಗ್ ದ್ರಾವಣದಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟರೆ ಸ್ಟೇನ್‌ಲೆಸ್ ಉಕ್ಕಿಗೂ ತುಕ್ಕು ಬರುತ್ತದೆ. ಒಬ್ಬ ರೋಗಿಯ ರಕ್ತ ತಾಗಿದ ಕತ್ತರಿಯನ್ನು ಒರೆಸಿ ಜೇಬಿಗೆ ಹಾಕಿಕೊಂಡು ಇನ್ನೊಬ್ಬರಿಗೆ ಬಳಸುವುದಂತೂ ಅಕ್ಷಮ್ಯ. ಇನ್ನು ಔಷಧಿ ಪೆಟ್ಟಿಗೆಯ ಅಂಟುಪಟ್ಟಿ, ರಟ್ಟು, ತಂತಿ ಕತ್ತರಿಸಲು ಅದನ್ನೇ ಎತ್ತಿಕೊಳ್ಳುವ ಅಭ್ಯಾಸ ತುರ್ತು ಘಟಕಗಳಿಗೆ ಹೊಸದಲ್ಲ. ಅದಕ್ಕೆಂದೇ ಎಷ್ಟೋ ದಾದಿಯರು ತಮ್ಮ ಕತ್ತರಿಯ ಹಿಡಿಗೆ ಬಿಳಿ ಪ್ಲಾಸ್ಟರ್ ಸುತ್ತಿ ಹೆಸರು ಬರೆದಿಟ್ಟುಕೊಂಡಿರುತ್ತಾರೆ.